ಆ ನಾಲ್ಕು ಅಂಕ ಎಲ್ಲಿ ಹೋದವು?

ಹೈದರಾಬಾದಿನ ಲಿಂಗಂಪಲ್ಲಿ, ಚಂದಾನಗರ, ನಲ್ಲಗಂಡ್ಲ, ತೆಲ್ಲಾಪುರ, ಬಿಎಚ್‌ಇಎಲ್ ಸುತ್ತಮುತ್ತ ನೆಲೆಸಿರುವ ಕನ್ನಡ ಪಾಲಕರೆಲ್ಲರಿಗೆ,

ಹೋದ ತಿಂಗಳ ಪಾಲಕರ ಸಭೆಯಲ್ಲಿ ನಿಮ್ಮಲ್ಲೊಬ್ಬರು ನನ್ನ ಮೇಜಿನ ಎದುರು ಕೂತರು. ಮೊಬೈಲ್ ತೆಗೆದು ಶಾಲೆಯ ಆಪ್ ತೋರಿಸಿ, ನಮ್ಮ ಕಲಬುರಗಿ ಕಡೆಯ ಕನ್ನಡದಲ್ಲೇ ಕೇಳಿದರು: “ಮೇಡಂ, ಬಿ ಸೆಕ್ಷನ್ ಆವರೇಜ್ 71 ಐತ್ರಿ, ನಿಮ್ಮ ಸೆಕ್ಷನ್ದು 67. ಈ ನಾಕು ಮಾರ್ಕ್ಸ್ ಎಲ್ಲಿ ಹೋದ್ವು?”

ಕೇಳಿದ್ದರಲ್ಲಿ ಸಿಟ್ಟಿರಲಿಲ್ಲ. ಮಗಳ ಬಗ್ಗೆ ಕಾಳಜಿ ಇತ್ತು, ಕಟ್ಟಿದ ಫೀಸಿನ ಲೆಕ್ಕವೂ ಇತ್ತು. ಎರಡೂ ನ್ಯಾಯವಾದದ್ದೇ. ಆದರೆ ನಮ್ಮ ಅಕಾಡೆಮಿಕ್ ಡೀನ್ ಎರಡು ಕುರ್ಚಿ ಆಚೆ ನಿಂತಿದ್ದರು. “ಮುಂದಿನ ಟೆಸ್ಟ್‌ಗೆ ಇಂಪ್ರೂವ್ ಮಾಡ್ತೀವಿ ಸರ್” ಅಂದೆ. ಅವರು ತಲೆಯಾಡಿಸಿ ಎದ್ದು ಹೋದರು. ಹಿಂದೆ ನಿಂತಿದ್ದ ತಾಯಿ ಮುಂದೆ ಬಂದರು. ಅವರ ಕೈಯಲ್ಲೂ ಅದೇ ಆಪ್ ತೆರೆದಿತ್ತು.

ಆ ಪ್ರಶ್ನೆಗೆ ನನ್ನ ಹತ್ತಿರ ಸರಿಯಾದ ಉತ್ತರ ಇತ್ತು. ನಾಲ್ಕು ಅಂಕ ಎಲ್ಲಿ ಹೋದವು, ಯಾವ ದಿನ, ಯಾವ ಪಿರಿಯಡ್‌ನಲ್ಲಿ ಹೋದವು ಎಂಬುದು ನನಗೆ ಖಚಿತವಾಗಿ ಗೊತ್ತು. ಅಂದು ಹೇಳಲಾಗಲಿಲ್ಲ. ಅದಕ್ಕೇ ಈ ಪತ್ರ. ಅವರೊಬ್ಬರಿಗೆ ಬರೆಯದೆ ನಿಮಗೆಲ್ಲ ಬರೆಯುತ್ತಿರುವುದು ಯಾಕೆಂದರೆ, ಈ ಪ್ರಶ್ನೆಯನ್ನು ನೀವೆಲ್ಲರೂ ಒಂದಲ್ಲ ಒಂದು ಸಲ ಯಾರಾದರೂ ಟೀಚರ್‌ಗೆ ಕೇಳಿದ್ದೀರಿ.

ನಾನು ಕಲಬುರಗಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವಳು. ಮದುವೆಯಾಗಿ ಲಿಂಗಂಪಲ್ಲಿಗೆ ಬಂದು, 19 ವರ್ಷದಿಂದ ಇಲ್ಲಿಯ ಖಾಸಗಿ ಶಾಲೆಗಳಲ್ಲಿ ಆರರಿಂದ ಎಂಟನೇ ತರಗತಿಗೆ ಗಣಿತ ಕಲಿಸುತ್ತಿದ್ದೇನೆ. ಶಾಲೆಗಳ ಹೆಸರು ಬರೆಯುವುದಿಲ್ಲ. ಇದು ಒಂದು ಶಾಲೆಯ ಕಥೆಯಲ್ಲ, ಹೆಸರು ಹಾಕಿದರೆ ಉಳಿದವರೆಲ್ಲ ತಪ್ಪಿಸಿಕೊಳ್ಳುತ್ತಾರೆ.

ಮೊದಲು ನಮ್ಮ ವಾರ ಹೇಗೆ ನಡೆಯುತ್ತದೆಂದು ಹೇಳುತ್ತೇನೆ. ಸೋಮವಾರ ಬೆಳಿಗ್ಗೆ ಮೇಲಿನಿಂದ ಪ್ರೋಗ್ರಾಂ ಬರುತ್ತದೆ. ಯಾವ ದಿನ ಯಾವ ಪುಟ, ಯಾವ ಲೆಕ್ಕ, ಎಷ್ಟನೇ ನಿಮಿಷಕ್ಕೆ ವರ್ಕ್‌ಶೀಟ್, ಎಲ್ಲ ಅದರಲ್ಲಿ ಇರುತ್ತದೆ. ಎಲ್ಲ ಸೆಕ್ಷನ್‌ಗಳಿಗೂ, ಎಲ್ಲ ಬ್ರಾಂಚ್‌ಗಳಿಗೂ ಅದೇ ಹಾಳೆ. ಶನಿವಾರ ಟೆಸ್ಟ್. ಆರನೇ ತರಗತಿಯ ಮಕ್ಕಳೂ ಓಎಂಆರ್ ಶೀಟಿನಲ್ಲಿ ಗುಂಡು ತುಂಬುತ್ತಾರೆ. ಭಾನುವಾರ ಸಂಜೆಯೊಳಗೆ ಫಲಿತಾಂಶ ನಿಮ್ಮ ಆಪ್‌ಗೆ ಬಂದಿರುತ್ತದೆ. ಸೋಮವಾರ ಮೊದಲ ಬೆಲ್ಲಿಗೂ ಮುಂಚೆ ರಿವ್ಯೂ ಮೀಟಿಂಗ್. ಪರದೆಯ ಮೇಲೆ ಸೆಕ್ಷನ್‌ವಾರು ಸರಾಸರಿ ಇಳಿಕೆಯ ಕ್ರಮದಲ್ಲಿ ಬರುತ್ತದೆ. ಕೆಳಗಿನ ಎರಡು ಸಾಲು ಕೆಂಪಿನಲ್ಲಿರುತ್ತವೆ. ಕೆಂಪು ಸಾಲಿನ ಟೀಚರ್ ಎದ್ದು ನಿಂತು ಕಾರಣ ಹೇಳಬೇಕು. ಅಲ್ಲಿಂದ ಅವರು ನೇರ ತರಗತಿಗೆ ಹೋಗುತ್ತಾರೆ, ನಿಮ್ಮ ಮಕ್ಕಳ ಹತ್ತಿರ.

ಈಗ ಆ ನಾಲ್ಕು ಅಂಕದ ವಿಷಯ.

ಆ ವಾರದ ಪ್ರೋಗ್ರಾಂನಲ್ಲಿ ಭಿನ್ನರಾಶಿ ಕೂಡುವುದಕ್ಕೆ ಎರಡು ಪಿರಿಯಡ್, ಆಮೇಲೆ ದಶಮಾಂಶ ಇತ್ತು. ಬೋರ್ಡಿನ ಮೇಲೆ ಅರ್ಧ ಕೂಡಿಸು ಮೂರನೇ ಒಂದು ಎಂದು ಬರೆದು, ಮಾಡಿ ಎಂದೆ. ಬೆಂಚುಗಳ ನಡುವೆ ಓಡಾಡುತ್ತ ನೋಡಿದರೆ ಒಂದು ಹುಡುಗಿಯ ನೋಟ್‌ಬುಕ್‌ನಲ್ಲಿ ಉತ್ತರ 2/5. ಮೇಲಿನ ಎರಡು ಒಂದು ಕೂಡಿ ಎರಡು, ಕೆಳಗಿನ ಎರಡು ಮತ್ತು ಮೂರು ಕೂಡಿ ಐದು. ಪಕ್ಕದ ಹುಡುಗನದೂ ಅದೇ. ಹಿಂದಿನ ಬೆಂಚಿನಲ್ಲಿ ಇನ್ನೂ ಐದಾರು ಮಂದಿಯದೂ ಅದೇ. ಗಣಿತ ಕಲಿಸಿದ ಯಾರಿಗೂ ಇದು ಹೊಸದಲ್ಲ. ಸಾಮಾನ್ಯವಾಗಿ ನಾವು “ಹಂಗಲ್ಲ, ಛೇದ ಸಮ ಮಾಡಬೇಕು” ಎಂದು ಹೇಳಿ ಮುಂದೆ ಹೋಗುತ್ತೇವೆ. ಅಂದು ಯಾಕೋ ಆ ಹುಡುಗಿಯನ್ನು ಕೇಳಿದೆ: “ಐದು ಎಲ್ಲಿಂದ ಬಂತು?”

ಅವಳು ಬಹಳ ಸ್ಪಷ್ಟವಾಗಿ ಹೇಳಿದಳು. “ಮಿಸ್, ಸ್ಲಿಪ್ ಟೆಸ್ಟ್‌ನಲ್ಲಿ ಎರಡಕ್ಕೆ ಒಂದು ಬಂದ್ರೆ ನೀವು 1/2 ಅಂತ ಹಾಕ್ತೀರಿ. ಇನ್ನೊಂದರಲ್ಲಿ ಮೂರಕ್ಕೆ ಒಂದು ಬಂದ್ರೆ 1/3. ಕೆಳಗೆ ಟೋಟಲ್ ನೀವೇ 2/5 ಅಂತ ಹಾಕ್ತೀರಿ.”

ನಾನು ಸುಮ್ಮನೆ ನಿಂತುಬಿಟ್ಟೆ. ಅವಳ ಮಾತು ಸತ್ಯವಾಗಿತ್ತು. ಮೂರನೇ ತರಗತಿಯಿಂದ ಅವಳು ಅತಿ ಹೆಚ್ಚು ನೋಡಿರುವ “ಭಿನ್ನರಾಶಿ” ಎಂದರೆ ಅವಳ ಅಂಕಗಳೇ. ಕೆಂಪು ಇಂಕಿನಲ್ಲಿ, ಗೆರೆ ಎಳೆದು, ಮೇಲೊಂದು ಕೆಳಗೊಂದು ಸಂಖ್ಯೆ. ನಾವೇ ಅವುಗಳನ್ನು ಹಾಗೆ ಕೂಡಿ ಕೂಡಿ ಅವಳಿಗೆ ತೋರಿಸಿದ್ದೇವೆ. ಮಗು ತಪ್ಪು ಕಲಿತಿರಲಿಲ್ಲ, ನಾವು ಕಲಿಸಿದ್ದನ್ನೇ ಕಲಿತಿತ್ತು. ಐದರಲ್ಲಿ ಎರಡು ಸರಿಯಾದ ಲೆಕ್ಕವೇ, ಆದರೆ ಅದು ಬೇರೆ ಲೆಕ್ಕ. ಅಂಕಗಳನ್ನು ಕೂಡುವಾಗ ಪ್ರತಿ ಟೆಸ್ಟಿಗೂ ಒಟ್ಟು ಬೇರೆ ಇರುತ್ತದೆ. ರೊಟ್ಟಿ ಕೂಡುವಾಗ ರೊಟ್ಟಿ ಒಂದೇ ಅಳತೆಯದು.

ಅದನ್ನೇ ಹೇಳಿಕೊಟ್ಟೆ. ಡಬ್ಬಿಯಲ್ಲಿ ಜೋಳದ ರೊಟ್ಟಿ ತಂದಿದ್ದೆ. ಒಂದನ್ನು ಅರ್ಧ ಮುರಿದೆ, ಇನ್ನೊಂದನ್ನು ಮೂರು ಪಾಲು ಮಾಡಿ ಒಂದು ಪಾಲು ತೆಗೆದೆ. ಎರಡನ್ನೂ ಪಕ್ಕಪಕ್ಕ ಇಟ್ಟು, “ಇದು ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?” ಎಂದು ಕೇಳಿದೆ. ಹೆಚ್ಚು ಎಂದು ಎಲ್ಲರೂ ಕೂಗಿದರು. “ಹಾಗಿದ್ದರೆ 2/5 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?” ಒಂದು ಕ್ಷಣ ಇಡೀ ತರಗತಿ ಮೌನ. ಆಮೇಲೆ ಹಿಂದಿನ ಬೆಂಚಿನ ಹುಡುಗ, “ಮಿಸ್, ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ್ರೆ ಅರ್ಧಕ್ಕಿಂತ ಕಡಿಮೆ ಆಗೋದು ಹೆಂಗೆ?” ಅಂದ. ಆ ಪ್ರಶ್ನೆ ಒಂದು ಮಗುವಿನ ಬಾಯಿಂದ ಬರುವುದಕ್ಕಾಗಿಯೇ ನಾನು ಟೀಚರ್ ಆದದ್ದು. ಅದರ ಬೆನ್ನಿಗೇ ಆರು ಪಾಲಿನ ಚಿತ್ರ ಬರೆದೆವು, ಮೂರು ಪಾಲು, ಎರಡು ಪಾಲು, ಒಟ್ಟು ಐದು. 5/6 ಎಂದು ಅವರೇ ಹೇಳಿದರು.

ಇದಕ್ಕೆ ಎರಡು ಪಿರಿಯಡ್ ಸಾಲಲಿಲ್ಲ, ನಾಲ್ಕು ಬೇಕಾಯಿತು. ದಶಮಾಂಶ ಮುಗಿಯಲಿಲ್ಲ. ಶನಿವಾರದ ಟೆಸ್ಟ್‌ನಲ್ಲಿ ದಶಮಾಂಶದ ಪ್ರಶ್ನೆಗಳಿದ್ದವು. ಬಿ ಸೆಕ್ಷನ್ನಿನ ಟೀಚರ್ ನನಗಿಂತ ಕಡಿಮೆಯವರಲ್ಲ, ಒಳ್ಳೆಯ ಮನಸ್ಸಿನವರು. ಹಿಂದಿನ ತಿಂಗಳು ಅವರ ಸಾಲು ಕೆಂಪಾಗಿತ್ತು. ಹಾಗಾಗಿ ಅವರು ಅಡ್ಡ ಗುಣಿಸುವ ಶಾರ್ಟ್‌ಕಟ್ ಹೇಳಿಕೊಟ್ಟು, ಇಪ್ಪತ್ತು ಲೆಕ್ಕ ಮಾಡಿಸಿ, ದಶಮಾಂಶಕ್ಕೆ ಹೋದರು. ಅವರ ಮಕ್ಕಳು ಎರಡೂ ಪಾಠದಲ್ಲಿ ಗುಂಡು ಸರಿಯಾಗಿ ತುಂಬಿದರು.

ನಾಲ್ಕು ಅಂಕ ಹೋದದ್ದು ಅಲ್ಲಿ ಸರ್. ಆ ರೊಟ್ಟಿಯ ಹತ್ತಿರ. ಆ 2/5 ಬರೆದ ಹುಡುಗಿಯ ಹೆಸರು ಇಲ್ಲಿ ಹೇಳುವುದಿಲ್ಲ. ನಿಮ್ಮಲ್ಲಿ ಯಾರ ಮಗಳಾದರೂ ಆಗಿರಬಹುದು.

ಈ ಅಂಕಿಯ ಸಂಚಾರವನ್ನು ದಯವಿಟ್ಟು ಒಮ್ಮೆ ಗಮನಿಸಿ. ನೀವು ಆಪ್‌ನಲ್ಲಿ ನೋಡಿ ಗ್ರೂಪ್‌ನಲ್ಲಿ ಹಾಕುತ್ತೀರಿ. ಇನ್ನೊಬ್ಬರು ಬೇರೆ ಶಾಲೆಯದನ್ನು ಹಾಕುತ್ತಾರೆ. ಅದು ಪ್ರಿನ್ಸಿಪಾಲರಿಗೆ ಮುಟ್ಟುತ್ತದೆ, ಅವರಿಗೆ ಮುಂದಿನ ವರ್ಷದ ಅಡ್ಮಿಷನ್ ಚಿಂತೆ. ಅವರಿಂದ ಡೀನ್, ಡೀನ್‌ನಿಂದ ನನಗೆ, ನನ್ನಿಂದ ನಿಮ್ಮ ಮಗುವಿಗೆ. ಪ್ರತಿ ಮೆಟ್ಟಿಲಲ್ಲೂ ಅದಕ್ಕೆ ಒಂದಿಷ್ಟು ಭಯ ಸೇರುತ್ತದೆ. ಕಡೆಗೆ ಅದು ಬಂದು ಬೀಳುವುದು ಹನ್ನೊಂದು ವರ್ಷದ ಮಗುವಿನ ಮೇಲೆ, ಅದೂ ನನ್ನ ದನಿಯಲ್ಲಿ. “ಎಷ್ಟು ಸಲ ಹೇಳಬೇಕು?” ಎಂದು ನಾನು ಕೂಗಿದ ದಿನಗಳಿವೆ. ಅವೆಲ್ಲ ಸೋಮವಾರಗಳು.

ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಅಪಾರ್ಟ್‌ಮೆಂಟ್ ಗೇಟಿನ ಹತ್ತಿರ ಬಿಸಿಲಲ್ಲಿ ಕರಪತ್ರ ಹಿಡಿದು ನಿಲ್ಲುವ ಹೆಂಗಸರನ್ನು ನೋಡಿರುತ್ತೀರಿ. ಅವರಲ್ಲಿ ಬಹಳ ಮಂದಿ ಟೀಚರ್‌ಗಳೇ. ಇಷ್ಟು ಅಡ್ಮಿಷನ್ ತರಬೇಕೆಂದು ಅವರಿಗೆ ಟಾರ್ಗೆಟ್ ಇರುತ್ತದೆ. ಕರಪತ್ರದ ಮೇಲೆ ರ‍್ಯಾಂಕ್ ಬಂದ ಮಕ್ಕಳ ಮುಖ. ಹಳೇ ಮುಂಬೈ ಹೆದ್ದಾರಿಯ ಉದ್ದಕ್ಕೂ ಹೋರ್ಡಿಂಗ್‌ಗಳ ಮೇಲೂ ಅವೇ ಮುಖಗಳು. ಆ ಮಕ್ಕಳ ಸಂತೋಷ ನನ್ನದೂ ಹೌದು. ಆದರೆ ಆ ಹೋರ್ಡಿಂಗ್‌ಗೆ ಹಣ ಎಲ್ಲಿಂದ ಬರುತ್ತದೆ, ಅದನ್ನು ನೋಡಿ ನಾವು ಏನು ನಿರ್ಧರಿಸುತ್ತೇವೆ ಎಂದು ಒಮ್ಮೆ ಯೋಚಿಸಿ.

ಅಂಕಕ್ಕೂ ಶಿಕ್ಷಕರ ಅನ್ನಕ್ಕೂ ಗಂಟು ಹಾಕುವುದು ಹೊಸ ಬುದ್ಧಿಯೇನಲ್ಲ. 1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಎಂಬ ಮಂತ್ರಿ ಇಂಥ ನಿಯಮ ತಂದ. ಇನ್‌ಸ್ಪೆಕ್ಟರ್ ಬಂದು ಮಕ್ಕಳಿಗೆ ಓದು, ಬರಹ, ಲೆಕ್ಕದಲ್ಲಿ ಪರೀಕ್ಷೆ ಮಾಡಬೇಕು, ಪಾಸಾದ ಮಕ್ಕಳ ಲೆಕ್ಕದ ಮೇಲೆ ಶಾಲೆಗೆ ಅನುದಾನ. ಕವಿ ಮ್ಯಾಥ್ಯೂ ಆರ್ನಲ್ಡ್ ಆಗ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದರು. ಇದರಿಂದ ಪಾಠ ಯಾಂತ್ರಿಕವಾಗುತ್ತಿದೆ ಎಂದು ತಮ್ಮ ವರದಿಗಳಲ್ಲೇ ಬರೆದರು. ಅದೇ ಪದ್ಧತಿ ನಮ್ಮ ಬಳ್ಳಾರಿ, ದಕ್ಷಿಣ ಕನ್ನಡಗಳು ಸೇರಿದ್ದ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಮೂವತ್ತು ವರ್ಷಕ್ಕೂ ಹೆಚ್ಚು ನಡೆಸಿ ನೋಡಿ ಇಂಗ್ಲೆಂಡೇ ಅದನ್ನು ಕೈಬಿಟ್ಟಿತು. ನಮ್ಮ ಖಾಸಗಿ ಶಾಲೆಗಳ ಇನ್‌ಕ್ರಿಮೆಂಟ್ ಲೆಕ್ಕದಲ್ಲಿ ಅದು ಇನ್ನೂ ಬದುಕಿದೆ.

ಅಮೆರಿಕದ ಅಟ್ಲಾಂಟಾದಲ್ಲಿ ಇದು ಎಲ್ಲಿಗೆ ಹೋಯಿತೆಂದು ಹೇಳಲೇಬೇಕು, ಯಾಕೆಂದರೆ ನಿಮ್ಮಲ್ಲಿ ಅನೇಕರ ಬಂಧುಗಳು ಅಲ್ಲಿದ್ದಾರೆ. ಟೆಸ್ಟ್ ಸ್ಕೋರ್ ಏರದಿದ್ದರೆ ಕೆಲಸಕ್ಕೇ ಕುತ್ತು ಎಂಬ ಒತ್ತಡದಲ್ಲಿ ಶಿಕ್ಷಕರು ಮಕ್ಕಳ ಉತ್ತರ ಪತ್ರಿಕೆಯಲ್ಲಿ ತಪ್ಪು ಉತ್ತರ ಅಳಿಸಿ ಸರಿ ಉತ್ತರ ತುಂಬಿದರು. 2011ರ ತನಿಖಾ ವರದಿ 44 ಶಾಲೆಗಳಲ್ಲಿ 178 ಶಿಕ್ಷಕರು, ಮುಖ್ಯಸ್ಥರ ಮೇಲೆ ಬೊಟ್ಟು ಮಾಡಿತು. 2015ರಲ್ಲಿ 11 ಮಂದಿಯನ್ನು ನ್ಯಾಯಾಲಯ ತಪ್ಪಿತಸ್ಥರೆಂದಿತು. ಅವರು ಮಾಡಿದ್ದು ತಪ್ಪೇ, ನಾನು ಸಮರ್ಥಿಸುವುದಿಲ್ಲ. ಆದರೆ ಅಷ್ಟು ಜನ ಶಿಕ್ಷಕರು ಒಂದೇ ಊರಲ್ಲಿ ಒಟ್ಟಿಗೆ ಕೆಟ್ಟವರಾಗಿ ಹುಟ್ಟಿರಲಿಲ್ಲ. ಹೆಚ್ಚು ನಷ್ಟವಾದದ್ದು ಮಕ್ಕಳಿಗೆ. ಓದಲು ಬರದ ಮಗುವಿನ ಹಾಳೆಯಲ್ಲಿ ಓದಲು ಬರುತ್ತದೆಂದು ಬರೆದಿದ್ದರಿಂದ ಆ ಮಗುವಿಗೆ ಸಿಗಬೇಕಿದ್ದ ಸಹಾಯ ಸಿಗಲೇ ಇಲ್ಲ.

ದೂರ ಯಾಕೆ, ನಮ್ಮ ತೆಲಂಗಾಣದ 2019ರ ಏಪ್ರಿಲ್ ನೆನಪಿದೆಯೇ? 18ರಂದು ಇಂಟರ್ ಫಲಿತಾಂಶ ಬಂತು. ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳು ಫೇಲ್. ಮುಂದಿನ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಜೀವ ಕಳೆದುಕೊಂಡರು. ಒಬ್ಬ ವಿದ್ಯಾರ್ಥಿನಿಗೆ ತೆಲುಗಿನಲ್ಲಿ ಸೊನ್ನೆ ಎಂದು ಬಂದಿತ್ತು, ಮತ್ತೆ ನೋಡಿದಾಗ ಅದು 99. ಫೇಲಾದ ಎಲ್ಲರ ಉತ್ತರ ಪತ್ರಿಕೆಯನ್ನೂ ಉಚಿತವಾಗಿ ಮರುಪರಿಶೀಲಿಸಿದಾಗ ಸಾವಿರಕ್ಕೂ ಹೆಚ್ಚು ಮಕ್ಕಳು ಪಾಸಾಗಿದ್ದರು. ಆ 99ನ್ನು ಸೊನ್ನೆ ಮಾಡಿದ ಮೌಲ್ಯಮಾಪಕಿಗೆ 5,000 ರೂಪಾಯಿ ದಂಡ ಹಾಕಿದರು, ಅದನ್ನು ಪರಿಶೀಲಿಸಬೇಕಿದ್ದವರನ್ನು ಅಮಾನತು ಮಾಡಿದರು. ಆಕೆಯ ತಪ್ಪು ದೊಡ್ಡದು. ಆದರೆ ಆ ವಾರ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಆಕೆಯನ್ನು ಬೈಯಲಿಲ್ಲ. ನಮ್ಮಲ್ಲಿ ಬಹಳ ಮಂದಿ ಮೌಲ್ಯಮಾಪನದ ಕ್ಯಾಂಪಿನಲ್ಲಿ ಕೂತವರು. ಎದುರಿನ ಕಟ್ಟು ಕರಗದೆ ಕಣ್ಣು ಮಂಜಾಗುವ ಮಧ್ಯಾಹ್ನ ಹೇಗಿರುತ್ತದೆಂದು ಗೊತ್ತಿದ್ದವರು. ಒಂದು ಸಂಖ್ಯೆಯ ಮೇಲೆ ಮಗುವಿನ ಇಡೀ ಜೀವ ತೂಗುಹಾಕಿದ್ದು ನಾವೆಲ್ಲರೂ ಸೇರಿ. ಸಂಖ್ಯೆ ತಪ್ಪಾದ ದಿನ ಶಿಕ್ಷೆ ಅನುಭವಿಸಿದವರು ಆ ಮಕ್ಕಳು, ಅವರ ಮನೆಯವರು, ಮತ್ತು ಕೊನೆಯ ಸಾಲಿನ ಇಬ್ಬರು ಶಿಕ್ಷಕರು.

ಈಗ ನಮ್ಮ ಊರಿನ ಕಡೆಗೆ ಬರುತ್ತೇನೆ. ನಿಮ್ಮಲ್ಲಿ ಹೆಚ್ಚಿನವರು ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರು. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಮ್ಮ ಗ್ರೂಪ್‌ನಲ್ಲಿ ಜಿಲ್ಲಾವಾರು ಪಟ್ಟಿ ಬರುತ್ತದೆ. 2024ರಲ್ಲಿ ಯಾದಗಿರಿ ಕೊನೆ. 2025ರಲ್ಲಿ ಕಲಬುರಗಿ ಕೊನೆ, ಶೇಕಡಾ 42.43. ಅದೇ ವರ್ಷ ಮೊದಲ ಸ್ಥಾನದ ದಕ್ಷಿಣ ಕನ್ನಡ ಶೇಕಡಾ 91 ದಾಟಿತ್ತು. ಪಟ್ಟಿಯ ಕೆಳಗೆ “ನಮ್ ಕಡಿ ಮಾಸ್ತರು ಏನ್ ಮಾಡ್ತಾರ?” ಎಂದು ಯಾರಾದರೂ ಬರೆದೇ ಬರೆಯುತ್ತಾರೆ.

ಏನು ಮಾಡುತ್ತಾರೆಂದು ಹೇಳುತ್ತೇನೆ. ನನ್ನ ತಂಗಿ ಅಲ್ಲೊಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಡಿಸೆಂಬರ್ ಬಂತೆಂದರೆ ಬೆಳಿಗ್ಗೆ ಐದಕ್ಕೆ ಏಳುತ್ತಾಳೆ. ಪರೀಕ್ಷೆಗೆಂದು ಅವಳು “ದತ್ತು” ತೆಗೆದುಕೊಂಡ ಹತ್ತು ವಿದ್ಯಾರ್ಥಿಗಳ ಮನೆಗೆ ಫೋನ್ ಮಾಡಿ, ಎದ್ದರೋ ಇಲ್ಲವೋ ಎಂದು ಕೇಳುತ್ತಾಳೆ. ಶಾಲೆಗೆ ಮುಂಚೆ ಒಂದು ವಿಶೇಷ ತರಗತಿ, ಸಂಜೆ ಇನ್ನೊಂದು. ನಿಧಾನ ಕಲಿಕೆಯ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್: ಈ ಎರಡು ಚಿತ್ರ, ಈ ಹತ್ತು ವ್ಯಾಖ್ಯೆ, ಈ ನಾಲ್ಕು ಸಮೀಕರಣ, ಇಷ್ಟು ಬಾಯಿಪಾಠ ಮಾಡಿದರೆ ಅಂಕ ಗ್ಯಾರಂಟಿ. ಹೋದ ಚಳಿಗಾಲ ಅವಳು ಒಂದು ಮಾತು ಹೇಳಿದಳು. “ಅಕ್ಕಾ, ಒಂದು ಮಗುವಿಗೆ ಕಣ್ಣಿನ ಚಿತ್ರ ಬರೆಯೋದು ಕಲಿಸೀನಿ. ಭಾಗಗಳ ಹೆಸರು ಓದಾಕ ಬರೂದಿಲ್ಲ ಅದಕ್ಕ. ಎಲ್ಲಿ ಯಾವ ಅಕ್ಷರದ ಆಕಾರ ಬರಬೇಕು ಅಂತ ನೆನಪಿಟ್ಟುಕೊಂಡು ಬರೀತದ.” ಹತ್ತನೇ ತರಗತಿಯ ಮಗು ಅಕ್ಷರವನ್ನು ಚಿತ್ರದ ಹಾಗೆ ಬಿಡಿಸುತ್ತಿದೆ. ಇದು ಹತ್ತನೇ ತರಗತಿಯ ಟೀಚರ್‌ನ ತಪ್ಪೇ? ಆ ಮಗುವಿನ ಒಂದರಿಂದ ಐದರವರೆಗೆ ಹಳ್ಳಿಯ ಶಾಲೆಯಲ್ಲಿ ಎಷ್ಟು ಶಿಕ್ಷಕರಿದ್ದರು? ಸುಗ್ಗಿಗೆ, ಹತ್ತಿ ಬಿಡಿಸಲಿಕ್ಕೆ, ಅಪ್ಪ ಅಮ್ಮನ ಜೊತೆ ಹೈದರಾಬಾದು ಮುಂಬೈಗಳಿಗೆ ಗುಳೆ ಹೋದಾಗ ಎಷ್ಟು ತಿಂಗಳು ಶಾಲೆ ತಪ್ಪಿತ್ತು? ಅದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ಫಲಿತಾಂಶ ಕಡಿಮೆ ಬಂದರೆ ಕಾರಣ ಕೇಳಿ ನೋಟಿಸ್ ಮಾತ್ರ ಹತ್ತನೇ ತರಗತಿಯ ಟೀಚರ್ ಕೈಗೇ ಬರುತ್ತದೆ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇಕಡಾ 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ನಕಲು ನಿಂತದ್ದು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಂದಿನ ವರ್ಷಗಳ ಅಂಕಿಗಳನ್ನು ನಂಬಿ ನಾವು ಎಷ್ಟು ಶಾಲೆಗಳನ್ನು ಹೊಗಳಿದೆವು, ಎಷ್ಟು ಪ್ರಾಮಾಣಿಕ ಶಿಕ್ಷಕರನ್ನು ಕಡಿಮೆ ಫಲಿತಾಂಶದವರೆಂದು ನಿಲ್ಲಿಸಿ ಕೇಳಿದೆವು? ಕ್ಯಾಮೆರಾ ಬಂದ ಮೇಲೆ ಅವರಲ್ಲಿ ಒಬ್ಬರನ್ನಾದರೂ ಯಾರಾದರೂ ಕರೆದು ಕ್ಷಮೆ ಕೇಳಿದರೇ?

ಅದೇ ವರ್ಷದ ಮಾರ್ಚ್‌ನಲ್ಲಿ 5, 8, 9ನೇ ತರಗತಿಯ ಮಕ್ಕಳಿಗೆ ಏನಾಯಿತೆಂದು ಊರಿನ ಬಂಧುಗಳನ್ನು ಕೇಳಿ. ಆ ಬೋರ್ಡ್ ಪರೀಕ್ಷೆಯನ್ನು ಹೈಕೋರ್ಟಿನ ಏಕಸದಸ್ಯ ಪೀಠ ಮಾರ್ಚ್ 6ಕ್ಕೆ ರದ್ದು ಮಾಡಿತು, ಮರುದಿನ ವಿಭಾಗೀಯ ಪೀಠ ತಡೆ ಕೊಟ್ಟಿತು, 11ಕ್ಕೆ ಪರೀಕ್ಷೆ ಶುರುವಾಯಿತು, 12ಕ್ಕೆ ಸುಪ್ರೀಂ ಕೋರ್ಟ್ ನಿಲ್ಲಿಸಿತು, 22ಕ್ಕೆ ವಿಭಾಗೀಯ ಪೀಠದಿಂದ ಮತ್ತೆ ಅನುಮತಿ, 25ರಿಂದ ಉಳಿದ ವಿಷಯಗಳು, ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟಿನಿಂದ ಫಲಿತಾಂಶಕ್ಕೆ ತಡೆ. ಹತ್ತು ವರ್ಷದ ಮಗು ಅರ್ಧ ಪರೀಕ್ಷೆ ಬರೆದು, ಎರಡು ವಾರ ಕಾದು, ಉಳಿದದ್ದನ್ನು ಬರೆಯಿತು. ನಾಳೆ ಪರೀಕ್ಷೆ ಉಂಟೇ ಎಂದು ಮಕ್ಕಳು ಕೇಳಿದರೆ ಟೀಚರ್ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ದೇಶಕ್ಕೆ ಇದೆಲ್ಲ ಗೊತ್ತಿಲ್ಲದ ವಿಷಯವೇನಲ್ಲ. ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಮಾಡಿದ ಮೊದಲ ಭಾಷಣ ಮಕ್ಕಳ ಶಾಲಾ ಚೀಲದ ಭಾರದ ಬಗ್ಗೆಯೇ ಇತ್ತು. ಅದು ಎಬ್ಬಿಸಿದ ಚರ್ಚೆಯಿಂದ ಯಶಪಾಲ್ ಸಮಿತಿ ಬಂತು, 1993ರಲ್ಲಿ ವರದಿ ಕೊಟ್ಟಿತು. ಬಹಳ ಕಲಿಸುತ್ತಾರೆ, ಕಡಿಮೆ ಅರ್ಥವಾಗುತ್ತದೆ ಎಂಬುದೇ ಅದರ ಸಾರ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಮಗು ಭಯ, ಆತಂಕವಿಲ್ಲದೆ ಕಲಿಯಬೇಕೆಂದು ಹೇಳುತ್ತದೆ. ಭಯದಲ್ಲಿರುವ ಟೀಚರ್ ಕೈಯಲ್ಲಿ ಭಯವಿಲ್ಲದ ಮಗು ಹೇಗೆ ಬೆಳೆಯುತ್ತದೆಂದು ಕಾಯ್ದೆಯಲ್ಲಿ ಬರೆದಿಲ್ಲ.

ಈಗ ಆ ಭಯಕ್ಕೆ ಇನ್ನೊಂದು ಸೇರಿದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ, ಕೆಲಸದಲ್ಲಿರುವ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕು. ಇಲ್ಲವಾದರೆ ಕೆಲಸ ಬಿಡಬೇಕು. ಟೀಚರ್‌ಗೆ ವಿಷಯ ಗೊತ್ತಿರಬೇಕು ಎಂಬುದನ್ನು ನಾನು ಪೂರ್ಣ ಒಪ್ಪುತ್ತೇನೆ. ಆದರೆ ಇಪ್ಪತ್ತು ವರ್ಷ ಒಂದನೇ ತರಗತಿಗೆ ಅಕ್ಷರ ಕಲಿಸಿದ ಗೆಳತಿಯೊಬ್ಬಳು ಈಗ ರಾತ್ರಿ ಮಕ್ಕಳು ಮಲಗಿದ ಮೇಲೆ ಗೈಡ್ ಹಿಡಿದು ಗುಂಡು ತುಂಬುವ ಅಭ್ಯಾಸ ಮಾಡುತ್ತಿದ್ದಾಳೆ. ಅಳುವ ಮಗುವನ್ನು ಹತ್ತು ನಿಮಿಷದಲ್ಲಿ ಪಾಠದ ಕಡೆಗೆ ತಿರುಗಿಸುವ ಅವಳ ವಿದ್ಯೆಯನ್ನು ಆ ಪತ್ರಿಕೆ ಅಳೆಯಲಾರದು.

ಇನ್ನೊಂದು ವಿಷಯ, ಕನ್ನಡದವರಾದ ನಮಗೆ ಇದು ಹತ್ತಿರದ್ದು. ಲಿಂಗಂಪಲ್ಲಿಯ ಸುತ್ತ ಏಳುತ್ತಿರುವ ಟವರ್‌ಗಳ ಕೆಲಸಕ್ಕೆ ನಮ್ಮ ಯಾದಗಿರಿ, ಕಲಬುರಗಿ ಜನ ಕುಟುಂಬ ಸಮೇತ ಬಂದಿದ್ದಾರೆ. ಅವರ ಮಕ್ಕಳಲ್ಲಿ ಕೆಲವರು ಇಲ್ಲಿಯ ಸರ್ಕಾರಿ ಶಾಲೆಗೆ ಹೋಗುತ್ತಾರೆ. ಊರಲ್ಲಿ ಕನ್ನಡದಲ್ಲಿ ಮೂರನೇ ತರಗತಿ ಓದಿದ ಹುಡುಗನೊಬ್ಬನನ್ನು ಅವನ ತಾಯಿ ನನ್ನ ಹತ್ತಿರ ಕರಕೊಂಡು ಬಂದಿದ್ದಳು. “ಅಕ್ಕೋರ, ಇವ ಲೆಕ್ಕದಾಗ ಸೊನ್ನಿ ತಂದಾನ. ದಡ್ಡ ಏನ್ರಿ?” ನಾನು ಕನ್ನಡದಲ್ಲಿ ಬಾಯಿಲೆಕ್ಕ ಕೇಳಿದೆ. ನೂರು ರೂಪಾಯಿಯಲ್ಲಿ ಮೂವತ್ತೆಂಟರ ಎಣ್ಣೆ ಪಾಕೀಟು ಎರಡು ತಂದರೆ ಎಷ್ಟು ಉಳಿಯುತ್ತದೆ? ನನ್ನ ಮಾತು ಮುಗಿಯುವ ಮೊದಲೇ ಇಪ್ಪತ್ನಾಲ್ಕು ಅಂದ. ಅವನಿಗೆ ಬರದಿದ್ದದ್ದು ಪ್ರಶ್ನೆ ಪತ್ರಿಕೆಯ ತೆಲುಗು. ಅವನ ಟೀಚರ್ ಬಹುಶಃ ಅದನ್ನು ಬಲ್ಲಳು. ಆದರೆ ಅವಳು ತುಂಬಬೇಕಾದ ಕಾಲಂನಲ್ಲಿ ಒಂದು ಅಂಕೆಗೆ ಮಾತ್ರ ಜಾಗವಿದೆ. ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರು ಇಂಥ ಎರಡು ಭಾಷೆಯ ನಡುವಿನ ಮಕ್ಕಳನ್ನು ವರ್ಷಗಳಿಂದ ದಡ ಸೇರಿಸುತ್ತಿದ್ದಾರೆ. ರಾಜ್ಯದ ಸರಾಸರಿಯಲ್ಲಿ ಅವರ ಕೆಲಸ ಕಾಣುವುದೇ ಇಲ್ಲ.

ಪರೀಕ್ಷೆಯೇ ಬೇಡ ಎಂದು ನಾನು ಬರೆಯುತ್ತಿಲ್ಲ. ನನ್ನ ತರಗತಿಯಲ್ಲಿ ನಾನೇ ಪರೀಕ್ಷೆ ಮಾಡುತ್ತೇನೆ. ಮಗುವಿಗೆ ಏನು ಗೊತ್ತಿಲ್ಲ ಎಂದು ತಿಳಿಯಲು ಅದು ಬೇಕು. ಆದರೆ ಪರೀಕ್ಷೆಯ ಉತ್ತರ ಪತ್ರಿಕೆ ಮರಳಿ ನನ್ನ ಕೈಗೆ ಬರಬೇಕು, ನಾನು ಮಗುವಿನ ಪಕ್ಕ ಕೂತು “ಐದು ಎಲ್ಲಿಂದ ಬಂತು?” ಎಂದು ಕೇಳಲು ಸಮಯ ಇರಬೇಕು. ಓಎಂಆರ್ ಯಂತ್ರ ಆ ಹುಡುಗಿಯ 2/5 ಅನ್ನು ತಪ್ಪು ಎಂದಷ್ಟೇ ಹೇಳುತ್ತದೆ. ಅವಳು ಎಲ್ಲಿಂದ ತಂದಳೆಂದು ಹೇಳುವುದಿಲ್ಲ. ಅದನ್ನು ಕೇಳುವುದೇ ನನ್ನ ಕೆಲಸ. ಶನಿವಾರಕ್ಕೊಂದು ಟೆಸ್ಟ್ ಇಟ್ಟರೆ ಕಳೆದುಹೋಗುವುದು ಆ ಸಮಯವೇ.

ನಿಮಗೆ ನಾನು ಏನು ಕೇಳುತ್ತಿದ್ದೇನೆ? ಸರ್ಕಾರಕ್ಕೆ ಬರೆದರೆ ಕಡತಕ್ಕೆ ಹೋಗುತ್ತದೆ, ಮ್ಯಾನೇಜ್‌ಮೆಂಟ್‌ಗೆ ಬರೆದರೆ ಪಾಲಕರೇ ಕೇಳುತ್ತಾರೆ ಎಂಬ ಉತ್ತರ ಬರುತ್ತದೆ. ಆ ಉತ್ತರ ಸುಳ್ಳಲ್ಲ. ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ. ಐದನೇ ತರಗತಿಯವರೆಗೆ ವಾರದ ಟೆಸ್ಟ್ ಬೇಡ ಎಂದು ನೀವು ಹತ್ತು ಮಂದಿ ಸಹಿ ಮಾಡಿ ಕೊಟ್ಟರೆ ಯಾವ ಪ್ರಿನ್ಸಿಪಾಲರೂ ಅದನ್ನು ಬದಿಗಿಡಲಾರರು. ಫೀಸು ಕಟ್ಟುವವರ ಮಾತಿಗೆ ಇರುವ ತೂಕ ಟೀಚರ್ ಮಾತಿಗೆ ಇಲ್ಲ. ಮಕ್ಕಳ ರ‍್ಯಾಂಕ್ ಪಟ್ಟಿಯನ್ನು ಗ್ರೂಪ್‌ನಲ್ಲಿ ಹಾಕುವುದನ್ನು ನಿಲ್ಲಿಸಿ. ಕೊನೆಯ ಹೆಸರಿನ ಮಗುವೂ ಅಮ್ಮನ ಫೋನ್‌ನಲ್ಲಿ ಅದನ್ನು ನೋಡುತ್ತದೆ. ಊರಿನ ಮಾಸ್ತರರನ್ನು ಪಟ್ಟಿ ನೋಡಿ ಬೈಯುವ ಮೊದಲು, ಊರಿಗೆ ಹೋದಾಗ ನೀವು ಓದಿದ ಪ್ರಾಥಮಿಕ ಶಾಲೆಯೊಳಗೆ ಒಮ್ಮೆ ಹೋಗಿ, ಎಷ್ಟು ತರಗತಿಗೆ ಎಷ್ಟು ಶಿಕ್ಷಕರಿದ್ದಾರೆಂದು ಎಣಿಸಿ ಬನ್ನಿ.

ನಾಲ್ಕು ಅಂಕ ಕೇಳಿದ ಸರ್, ಮುಂದಿನ ಸಭೆ ಬರುವ ತಿಂಗಳ ಎರಡನೇ ಶನಿವಾರ ಇದೆ. ದಯವಿಟ್ಟು ಮತ್ತೆ ನನ್ನ ಮೇಜಿಗೆ ಬನ್ನಿ. ಆಪ್ ತೆರೆಯಬೇಡಿ, ಮಗಳ ಗಣಿತದ ನೋಟ್‌ಬುಕ್ ತನ್ನಿ. ತಪ್ಪಾದ ಒಂದು ಲೆಕ್ಕವನ್ನು ಆರಿಸಿ, ಇದು ಯಾಕೆ ಹೀಗಾಯಿತು ಎಂದು ಕೇಳಿ. ಡೀನ್ ಪಕ್ಕದಲ್ಲೇ ನಿಂತಿದ್ದರೂ ಈ ಸಲ ಉತ್ತರ ಹೇಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಗಣಿತ ಶಿಕ್ಷಕಿ
ಲಿಂಗಂಪಲ್ಲಿ